ಕಾಲುವೆಗೆ ನೀರು ಬಂದಿಲ್ಲವೇ? ತೂಬಿನಿಂದ ಆಲಮಟ್ಟಿವರೆಗೆ ದೋಷ ಹುಡುಕುವ ಕೈಪಿಡಿ

ಹುಣಸಗಿ, ಸುರಪುರ, ಶಹಾಪುರ, ಜೇವರ್ಗಿ ಕಡೆ ಕಾಲುವೆ ನೀರು ನಂಬಿ ಹತ್ತಿ, ಮೆಣಸಿನಕಾಯಿ, ಶೇಂಗಾ, ಭತ್ತ ಹಾಕಿದವರಿಗಾಗಿ ಇದನ್ನು ಬರೆದಿದ್ದೇನೆ. ನೀರು ನಿಂತ ಕೂಡಲೇ ಊರಲ್ಲಿ ಎರಡು ಮಾತು ಹುಟ್ಟುತ್ತವೆ. ಒಂದು, "ಮೇಲಿನವರು ಹೊಡ್ಕೊಂಡ್ರು." ಇನ್ನೊಂದು, "ಡ್ಯಾಮಿನಿಂದಲೇ ಬಿಟ್ಟಿಲ್ಲ." ಎರಡೂ ಕೆಲವು ಸಲ ನಿಜ. ಆದರೆ ತೂಬಿಗೆ ಒಂದು ಗೊಬ್ಬರದ ಚೀಲ ಸಿಕ್ಕಿಕೊಂಡಾಗಲೂ ಇವೇ ಮಾತು ಓಡಾಡುತ್ತವೆ. ದೋಷ ಎಲ್ಲಿದೆ ಅಂತ ಗೊತ್ತಾಗದ ಹೊರತು ಯಾರನ್ನು ಕೇಳಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ಸಂಬಂಧವಿಲ್ಲದ ಕಚೇರಿ ಮುಂದೆ ಎರಡು ದಿನ ಕೂತು ಬರುವಷ್ಟರಲ್ಲಿ ಗಿಡದ ಹೂವು ಉದುರಿರುತ್ತದೆ.

ಅದಕ್ಕೆ ಹುಡುಕುವುದನ್ನು ಕೆಳಗಿನಿಂದ ಶುರು ಮಾಡಿ. ಮೊದಲು ನಿಮ್ಮ ಹೊಲದ ತೂಬು. ಆಮೇಲೆ ಲ್ಯಾಟರಲ್ (ತೂಬುಗಳಿಗೆ ನೀರು ತರುವ ಸಣ್ಣ ಕಾಲುವೆ), ಅದಕ್ಕೆ ನೀರು ಕೊಡುವ ವಿತರಣಾ ಕಾಲುವೆ, ಅದರ ಮೇಲಿನ ಶಾಖಾ ಕಾಲುವೆ. ಡ್ಯಾಮಿನ ಮಾತು ಕೊನೆಗೆ. ಕೆಳಗಿನದನ್ನು ನೋಡಲು ನಿಮಗೆ ಬೇಕಾಗುವುದು ಒಂದು ಕೋಲು, ಒಂದು ಟೇಪು, ಮೊಬೈಲು ಮತ್ತು ಜೊತೆಗೊಬ್ಬರು. ಖರ್ಚಿಲ್ಲ.

ನೀರು ಬರುವ ದಾರಿ ತಲೆಯಲ್ಲಿರಲಿ. ಕೃಷ್ಣಾ ನೀರು ಮೊದಲು ಆಲಮಟ್ಟಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. ಬಸವಸಾಗರದಿಂದ 78 ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆ ಹೊರಡುತ್ತದೆ. ಹುಣಸಗಿ, ಶಹಾಪುರ, ಮುಡಬಾಳ, ಜೇವರ್ಗಿ, ಇಂಡಿ ಶಾಖಾ ಕಾಲುವೆಗಳಿಗೆ ನೀರು ಈ ಎಡದಂಡೆಯಿಂದಲೇ. ಬಲದಂಡೆ ರಾಯಚೂರು ಜಿಲ್ಲೆಗೆ ಹೋಗುತ್ತದೆ.

## "ಕಾಲುವೆಯಲ್ಲಿ ನೀರಿದೆ, ನನ್ನ ಹೊಲಕ್ಕೆ ಇಲ್ಲ"

ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ. ಸುಲಭವಾಗಿ ಬಿಡಿಸಬಹುದಾದ್ದೂ ಇದೇ.

ತೂಬಿನ ಮುಂದೆ ನಿಂತು ಎರಡು ಕಡೆ ನೋಡಿ. ಕಾಲುವೆ ಕಡೆಯ ನೀರು ತೂಬಿನ ಬಾಯಿ ಮುಳುಗುವಷ್ಟು ಇದೆಯೇ? ಹೊಲದ ಕಡೆ ಹೊರಬೀಳುವ ಧಾರೆ ತುಂಬು ಪೈಪಿನದೋ, ಅರ್ಧ ಪೈಪಿನದೋ? ಬಾಯಿ ಪೂರ್ತಿ ಮುಳುಗಿದ್ದು ಧಾರೆ ಸಣ್ಣಗಿದ್ದರೆ ಪೈಪಿನೊಳಗೆ ಏನೋ ಸಿಕ್ಕಿದೆ ಅಂತಲೇ ಅರ್ಥ. ಜಾಲಿ ಟೊಂಗೆ, ಯೂರಿಯಾ ಚೀಲ, ಹಳೇ ಸೀರೆ, ಅದರ ಹಿಂದೆ ನಿಂತ ಹೂಳು, ಹೀಗೆ ಏನು ಬೇಕಾದರೂ ಇರಬಹುದು. ಬಾಯಿಯೇ ಮುಳುಗದಿದ್ದರೆ ತೂಬಿನದು ತಪ್ಪಲ್ಲ, ಕಾಲುವೆಯ ಮಟ್ಟವೇ ಇಳಿದಿದೆ. ಆಗ ತೂಬಿನ ಮೇಲೆ ಸಿಟ್ಟು ತೀರಿಸಿಕೊಂಡು ಫಲವಿಲ್ಲ, ಮೇಲಕ್ಕೆ ನಡೆಯಿರಿ.

ಸಿಕ್ಕಿದ್ದನ್ನು ತೆಗೆಯಲು ಉದ್ದ ಕೋಲು ಅಥವಾ ಕೊಕ್ಕೆ ಬಳಸಿ. ಗೇಟ್ ತೆರೆದಿರುವಾಗ ಪೈಪಿನೊಳಗೆ ಕೈ ಹಾಕಬೇಡಿ. ನೀರಿನ ಸೆಳೆತ ಕೈಯನ್ನು ಒಳಗೆಳೆದು ಹಿಡಿಯುತ್ತದೆ. ಒಣಗಿದ ಪೈಪಿನಲ್ಲಿ ಹಾವು ಇರುತ್ತವೆ, ಅಲ್ಲೂ ಮೊದಲು ಕೋಲು. ನೀರು ಬಂದ್ ಆದ ದಿನಗಳಲ್ಲಿ ಈ ಕೆಲಸ ಮಾಡಿಟ್ಟುಕೊಂಡರೆ ಪಾಳಿ ಬಂದಾಗ ಒದ್ದಾಟ ಇರುವುದಿಲ್ಲ.

ತೂಬು ಸರಿಯಿದ್ದರೆ ಹೊಲಗಾಲುವೆ ನೋಡಿ. ಎರೆ ಮಣ್ಣಿನ ಹೊಲಗಾಲುವೆ ಬಂದ್ ದಿನಗಳಲ್ಲಿ ಬಿರುಕು ಬಿಡುತ್ತದೆ. ನೀರು ಬಿಟ್ಟ ಮೊದಲ ದಿನ ಆ ಬಿರುಕುಗಳೇ ಅರ್ಧ ನೀರು ಕುಡಿಯುತ್ತವೆ. ಮಣ್ಣು ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಮುಂದೆ ಓಡುತ್ತದೆ. ಅಂದರೆ ಮೊದಲ ದಿನದ ಕೊರತೆ ನೋಡಿ ಜಗಳಕ್ಕೆ ಹೋಗಬೇಡಿ. ಎರಡನೇ ದಿನವೂ ಅದೇ ಕಥೆಯಾದರೆ ಎಲ್ಲೋ ಏಡಿ, ಹೆಗ್ಗಣ ಕೊರೆದ ಬಿಲ ಇದೆ. ಹೊಲಗಾಲುವೆ ಗುಂಟ ನಡೆದರೆ ಪಕ್ಕದ ಹೊಲದಲ್ಲಿ ಕಾರಣವಿಲ್ಲದೆ ಹಸಿಯಾದ ಜಾಗ ಕಣ್ಣಿಗೆ ಬೀಳುತ್ತದೆ. ಬಿಲ ಅಲ್ಲೇ.

## "ಕಾಲುವೆಯೇ ಪೂರ್ತಿ ಒಣಗಿದೆ"

ಮೊದಲು ನೋಡಬೇಕಾದ್ದು ಕ್ಯಾಲೆಂಡರ್. ಎಡದಂಡೆಗೆ ನೀರು ಬಿಡುವುದು ವಾರಾಬಂದಿ ಲೆಕ್ಕದಲ್ಲಿ. 14 ದಿನ ಚಾಲು, 8 ಅಥವಾ 10 ದಿನ ಬಂದ್ ಎನ್ನುವಂಥ ಪಾಳಿ. ಪಾಳಿಯ ದಿನಗಳನ್ನು ಆಯಾ ಹಂಗಾಮಿಗೆ ನೀರಾವರಿ ಸಲಹಾ ಸಮಿತಿಯ ಸಭೆ ತೀರ್ಮಾನಿಸುತ್ತದೆ. ನಮ್ಮವರು ಅದನ್ನು ಐಸಿಸಿ ಸಭೆ ಅಂತಲೇ ಕರೆಯುತ್ತಾರೆ. ಆ ಆದೇಶ ಪತ್ರಿಕೆಯಲ್ಲಿ ಬರುತ್ತದೆ, ವಾಟ್ಸ್ಆ್ಯಪ್‌ನಲ್ಲೂ ಓಡಾಡುತ್ತದೆ. ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬಂದ್ ಪಾಳಿಯ ದಿನ ಕಾಲುವೆ ಒಣಗಿದ್ದರೆ ಅದು ದೋಷವಲ್ಲ.

ಎರಡನೆಯದು, ನೀರು ನಡೆದು ಬರುವ ಹೊತ್ತು. "ನಿನ್ನೆ ಬೆಳಗ್ಗೆ ಗೇಟ್ ಎತ್ತಿದಾರಂತೆ, ಇನ್ನೂ ಬಂದಿಲ್ಲ" ಅನ್ನುವ ದೂರು ಪ್ರತಿ ಹಂಗಾಮಿನಲ್ಲೂ ಕೇಳಿಸುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗ ಅಂತ ಹಿಡಿದರೂ 78 ಕಿಲೋಮೀಟರ್ ಮುಖ್ಯ ಕಾಲುವೆ ದಾಟಲು ಸುಮಾರು 22 ತಾಸು ಬೇಕು. ಆಮೇಲೆ ಶಾಖಾ ಕಾಲುವೆ, ವಿತರಣಾ ಕಾಲುವೆ, ಲ್ಯಾಟರಲ್. ಜೊತೆಗೆ ಗೇಟನ್ನು ಒಮ್ಮೆಲೇ ಎತ್ತುವುದಿಲ್ಲ. ಒಣಗಿದ ಕಾಲುವೆಗೆ ಒಮ್ಮೆಲೇ ನೀರು ನುಗ್ಗಿದರೆ ಏರಿ ಕೊಚ್ಚಿಹೋಗುತ್ತದೆ, ಅದಕ್ಕೆ ಹಂತ ಹಂತವಾಗಿ ಹೆಚ್ಚಿಸುತ್ತಾರೆ. ಹೀಗಾಗಿ ಕೊನೆ ಭಾಗಕ್ಕೆ ಮೂರ್ನಾಲ್ಕು ದಿನ ಆಗುವುದು ಸಹಜ. ಅದಕ್ಕೂ ಮೀರಿದರೆ ಮೇಲಿನ ಊರಿನ ಪರಿಚಯದವರಿಗೆ ಫೋನ್ ಮಾಡಿ. "ಅಣ್ಣಾ, ನಿಮ್ಮಲ್ಲಿ ನೀರು ಎಲ್ಲಿವರೆಗೆ ಬಂದಿದೆ? ಒಂದು ಫೋಟೋ ಕಳಿಸ್ರಿ" ಅಂದರೆ ಸಾಕು. ಹೀಗೆ ಊರೂರು ಕೇಳುತ್ತಾ ಹೋದರೆ ನೀರು ಎಲ್ಲಿ ನಿಂತಿದೆ ಅಂತ ಅರ್ಧ ತಾಸಿನಲ್ಲಿ ತಿಳಿಯುತ್ತದೆ. ಹುಡುಕಬೇಕಾದ ಜಾಗ ನೀರಿರುವ ಕೊನೆ ಊರಿಗೂ ಇಲ್ಲದ ಮೊದಲ ಊರಿಗೂ ನಡುವೆ ಇರುತ್ತದೆ.

ಪಾಳಿಯೂ ಇದೆ, ಹೊತ್ತೂ ಮೀರಿದೆ, ಮೇಲಿನ ಊರುಗಳಲ್ಲೂ ಇಲ್ಲ ಅಂದರೆ ಈಗ ಡ್ಯಾಮ್ ನೋಡಿ. ಇಲ್ಲಿ ತುಂಬಾ ಜನ ನಾರಾಯಣಪುರದ ಮಟ್ಟ ಒಂದನ್ನೇ ನೋಡುತ್ತಾರೆ. ಅದು ಸಾಲದು. ಬಸವಸಾಗರದ ಗರಿಷ್ಠ ಮಟ್ಟ 492.25 ಮೀಟರ್, ಸಾಮರ್ಥ್ಯ 33.31 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಅದರಲ್ಲಿ ತಳದ ಭಾಗ ಕಾಲುವೆಗೆ ಏರುವುದಿಲ್ಲ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಎಡದಂಡೆ ಕಾಲುವೆ ಪೂರ್ತಿ 10,000 ಕ್ಯುಸೆಕ್‌ನಲ್ಲಿ ಹರಿದರೆ ದಿನಕ್ಕೆ 0.86 ಟಿಎಂಸಿ ಖರ್ಚು. 14 ದಿನದ ಒಂದು ಪಾಳಿಗೆ 12 ಟಿಎಂಸಿ. ಲೆಕ್ಕ ಹಾಕಿ ನೋಡಿ, ಬಸವಸಾಗರ ತುಂಬಿದ್ದರೂ ಎರಡು ಪಾಳಿ ದಾಟುವುದು ಕಷ್ಟ, ಮೇಲಿಂದ ಬರದಿದ್ದರೆ. ಹಂಗಾಮನ್ನು ಕಾಪಾಡುವ ನೀರು ಇರುವುದು ಆಲಮಟ್ಟಿಯಲ್ಲಿ. ಅಲ್ಲಿ 519.6 ಮೀಟರ್ ಮಟ್ಟಕ್ಕೆ 123.08 ಟಿಎಂಸಿ ನಿಲ್ಲುತ್ತದೆ. ಅಕ್ಟೋಬರ್ ಕೊನೆಗೆ ಆಲಮಟ್ಟಿ ಎಷ್ಟಿದೆ, ಒಳಹರಿವು ಇನ್ನೂ ಇದೆಯೇ ಅನ್ನುವುದನ್ನು ನೋಡಿಕೊಂಡೇ ಹಿಂಗಾರಿಗೆ ಏನು ಬಿತ್ತಬೇಕು ಅಂತ ಯೋಚಿಸಿ. ಐಸಿಸಿ ಸಭೆಯೂ ಇದೇ ಲೆಕ್ಕದ ಮೇಲೆ ನಡೆಯುತ್ತದೆ. ಕುಡಿಯುವ ನೀರಿನ ಪಾಲು ತೆಗೆದಿಟ್ಟ ಮೇಲೆ ಉಳಿದದ್ದೇ ನಮ್ಮದು.

ಇನ್ನೊಂದು ಮಾತು. ನಮ್ಮ ಊರಲ್ಲಿ ಮಳೆ ಸುರಿದರೆ ಆಲಮಟ್ಟಿ ತುಂಬುವುದಿಲ್ಲ. ಅದು ತುಂಬುವುದು ಮಹಾಬಲೇಶ್ವರ, ಕೊಯ್ನಾ, ಕೊಲ್ಹಾಪುರದ ಘಟ್ಟದಲ್ಲಿ ಬೀಳುವ ಮಳೆಗೆ. ನಮ್ಮಲ್ಲಿ ಬರ ಇದ್ದ ವರ್ಷವೂ ಡ್ಯಾಮ್ ತುಂಬಬಹುದು, ನಮ್ಮಲ್ಲಿ ಚೆನ್ನಾಗಿ ಮಳೆಯಾದ ವರ್ಷವೂ ಕೊರತೆ ಬೀಳಬಹುದು. ಎರಡೂ ಕಡೆ ಕೈಕೊಟ್ಟರೆ ಏನಾಗುತ್ತದೆ ಅಂತ 2023ರಲ್ಲಿ ಕಂಡೆವು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು.

ಭೀಮಾ ದಂಡೆಯ ಅಫಜಲಪುರದವರು ಆಲಮಟ್ಟಿ ಬದಲು ಮಹಾರಾಷ್ಟ್ರದ ಉಜನಿ ಜಲಾಶಯ ನೋಡಬೇಕು. ಸೊನ್ನ ಬ್ಯಾರೇಜಿಗೆ ಬರುವ ನೀರು ಅದರ ಕೆಳಗಿನದು. ಬೀದರಿನ ಕಾರಂಜಾ, ಕಲಬುರಗಿಯ ಬೆಣ್ಣೆತೊರಾ ಕಾಲುವೆಗಳವರಿಗೆ ಮಾತ್ರ ಹತ್ತಿರದ ಮಳೆಯೇ ಲೆಕ್ಕ.

## "ಹೊಳೆ ದಂಡೆ ಮೀರಿ ಹರೀತಿದೆ, ಕಾಲುವೆ ಮಾತ್ರ ಖಾಲಿ"

ಕೃಷ್ಣಾ ಹೊಳೆಯ ಕೊಳ್ಳೂರು ಸೇತುವೆ ಮುಳುಗಿದ ಫೋಟೋ ಮೊಬೈಲಿನಲ್ಲಿ ಓಡಾಡುವಾಗ ನಿಮ್ಮ ಕಾಲುವೆಯಲ್ಲಿ ನೀರಿಲ್ಲ ಅಂದರೆ ಹೊಟ್ಟೆ ಉರಿಯುವುದು ಸಹಜ. ಆದರೆ ಡ್ಯಾಮಿನ ಕೆಳಗಿನ ಹೊಳೆಗೂ ನಿಮ್ಮ ಕಾಲುವೆಗೂ ಸಂಬಂಧವಿಲ್ಲ. ಹೊಳೆ ಕೆಳಗಿದೆ, ಕಾಲುವೆ ಎತ್ತರದಲ್ಲಿ ಹೊರಡುತ್ತದೆ. ಹೊಳೆಗೆ ಬಿಡುವ ಕ್ರಸ್ಟ್ ಗೇಟಿನಿಂದ ಹೋದ ನೀರು ಕಾಲುವೆಗೆ ಏರಿ ಬರುವುದಿಲ್ಲ.

ಇಂಥ ಹೊತ್ತಲ್ಲಿ ಕಾಲುವೆ ಬಂದ್ ಇರಲು ಮೂರು ಕಾರಣ. ಐಸಿಸಿ ಸಭೆ ಇನ್ನೂ ಆಗಿಲ್ಲ. ಅಥವಾ ನಮ್ಮ ಕಡೆ ಜೋರು ಮಳೆಯಾಗಿ ಕಾಲುವೆಗೆ ಹಳ್ಳದ ನೀರು ನುಗ್ಗುವ ಭಯವಿದೆ. ಇಲ್ಲವೇ ಎಲ್ಲೋ ಕಾಲುವೆ ಒಡೆದು ದುರಸ್ತಿ ನಡೆದಿದೆ. ಮೂರಕ್ಕೂ ಉತ್ತರ ಕಾಲುವೆ ನಡೆಸುವ ಕೃಷ್ಣಾ ಭಾಗ್ಯ ಜಲ ನಿಗಮದ ಉಪವಿಭಾಗ ಕಚೇರಿಯಲ್ಲಿ ಒಂದು ಫೋನಿಗೆ ಸಿಗುತ್ತದೆ. ನೀರು ನೋಡಲು ಹೊಳೆ ದಂಡೆಗೆ ಹೋಗಬೇಡಿ. ಗೇಟ್ ಎತ್ತಿದ ಮೇಲೆ ಹೊಳೆ ಏರುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ದಂಡೆಯಲ್ಲಿ ಪಂಪ್‌ಸೆಟ್ ಇದ್ದವರು ಸೂಚನೆ ಬಂದ ದಿನವೇ ಎತ್ತಿಕೊಳ್ಳಿ. ಕತ್ತಲಲ್ಲಿ ಮೋಟರಿಗಾಗಿ ಇಳಿಯುವುದು ಬೇಡ.

## "ನೀರು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ"

ಇದು ಕಳ್ಳಾಟದ ದೋಷ. ಅಧಿಕಾರಿ ಬಂದಾಗ ನೀರಿರುತ್ತದೆ, ಹೋದ ಮೇಲೆ ಇಳಿಯುತ್ತದೆ. ಬಾಯಿಮಾತಿನ ದೂರು ಇಲ್ಲಿ ನಿಲ್ಲುವುದಿಲ್ಲ. ಬೇಕಾದದ್ದು ಅಳತೆ.

ನಿಮ್ಮ ತೂಬಿನ ಹತ್ತಿರ, ಕಾಲುವೆಯ ಗೋಡೆ ಅಥವಾ ಸೇತುವೆಯ ಕಲ್ಲಿನ ಮೇಲೆ ಬಣ್ಣದಲ್ಲಿ ಒಂದೊಂದು ಇಂಚಿಗೆ ಗೆರೆ ಎಳೆಯಿರಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಮಲಗುವ ಮುಂಚೆ ಮಟ್ಟ ನೋಡಿ ಫೋಟೋ ತೆಗೆಯಿರಿ. ಫೋಟೋದಲ್ಲಿ ಹೊತ್ತು ತಾನೇ ದಾಖಲಾಗುತ್ತದೆ. ನಾಲ್ಕೈದು ದಿನ ಹೀಗೆ ಮಾಡಿದರೆ ಏರಿಳಿತದ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಈಗ ಆ ಅಂಕಿಗಳ ಪಕ್ಕದಲ್ಲಿ ಊರಿನ ತ್ರೀ ಫೇಸ್ ಕರೆಂಟ್ ಹೊತ್ತು ಬರೆಯಿರಿ. ಕರೆಂಟ್ ಬಂದಾಗ ಮಟ್ಟ ಇಳಿದು, ಹೋದಾಗ ಏರಿದರೆ ಮೇಲ್ಭಾಗದಲ್ಲಿ ಕಾಲುವೆಗೇ ಮೋಟರ್ ಇಟ್ಟು ನೀರು ಎತ್ತುತ್ತಿದ್ದಾರೆ. ಇದಕ್ಕಿಂತ ಗಟ್ಟಿ ಸುಳಿವು ಬೇರೆ ಬೇಕಿಲ್ಲ. ಕರೆಂಟಿಗೆ ಸಂಬಂಧವಿಲ್ಲದೆ ದಿನಾ ರಾತ್ರಿ ಇಳಿದು ಬೆಳಗ್ಗೆ ಏರಿದರೆ ಕತ್ತಲಲ್ಲಿ ಯಾರೋ ತೂಬು ಹೆಚ್ಚು ತೆರೆಯುತ್ತಿದ್ದಾರೆ, ಇಲ್ಲವೇ ಕಾಲುವೆಗೆ ಅಡ್ಡ ಕಟ್ಟುತ್ತಿದ್ದಾರೆ. ಹಗಲು ರಾತ್ರಿ ಒಂದೇ ಸಮನೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಹೋದರೆ ಅದು ಕಳವಲ್ಲ. ಎಲ್ಲೋ ಜಾಲಿ, ಆಪು, ಕಸ ಸೇರಿ ಕಟ್ಟಿಕೊಳ್ಳುತ್ತಿದೆ, ಅಥವಾ ಮೇಲಿನ ಗೇಟಿನಲ್ಲೇ ಹರಿವು ಕಡಿಮೆ ಮಾಡಿದ್ದಾರೆ. ಒಮ್ಮೆಲೇ ಮೊಳದಷ್ಟು ಇಳಿದು ಹಾಗೇ ನಿಂತರೆ ಮಾತ್ರ ಬೇಗ ಎಚ್ಚರಾಗಿ. ಮೇಲೆ ಕಾಲುವೆ ಒಡೆದಿರಬಹುದು.

ಕಾಲುವೆಗೆ ಅಕ್ರಮವಾಗಿ ಮೋಟರ್ ಇಡುವುದು, ಪೈಪ್ ಹಾಕುವುದು ಕರ್ನಾಟಕ ನೀರಾವರಿ ಕಾಯ್ದೆ 1965ರ ಪ್ರಕಾರ ಅಪರಾಧ. 2024ರ ತಿದ್ದುಪಡಿ ಶಿಕ್ಷೆಯನ್ನು ಇನ್ನೂ ಬಿಗಿ ಮಾಡಿದೆ. ಆದರೆ ಮೋಟರ್ ಕೀಳಲು ನೀವೇ ಹೋಗಬೇಡಿ. ಒಂದು, ಜಗಳ ಕೈ ಮೀರುತ್ತದೆ. ಎರಡು, ಆ ವೈರ್‌ಗಳಿಗೆ ಹಾಕಿದ ಜಾಯಿಂಟ್‌ಗಳು ಹಸಿ ನೆಲದ ಮೇಲೇ ಬಿದ್ದಿರುತ್ತವೆ. ಕಾಲಿಟ್ಟರೆ ಶಾಕ್ ಹೊಡೆಯುತ್ತದೆ. ಫೋಟೋ ಮತ್ತು ಲೆಕ್ಕ ಕೊಡಿ, ತೆಗೆಸುವ ಕೆಲಸ ನಿಗಮ ಮತ್ತು ಪೊಲೀಸರದು.

## "ಟೇಲ್ ಎಂಡ್‌ಗೆ ನೀರು ಬರುವುದೇ ಇಲ್ಲ"

ಕೊನೆ ಭಾಗದ ಸಂಕಟ ಬೇರೆ. ಇಲ್ಲಿ ಒಂದು ದಿನದ ದೋಷವಲ್ಲ, ವರ್ಷಗಳಿಂದ ಕೂತ ದೋಷ. ಮೇಲಿನ ತೂಬುಗಳಲ್ಲಿ ಎಷ್ಟು ಹೋಗುತ್ತಿದೆ, ಕೆಳಕ್ಕೆ ಎಷ್ಟು ಉಳಿಯುತ್ತಿದೆ ಅಂತ ಅಳೆಯಬೇಕು. ಅಳೆಯಲು ಯಂತ್ರ ಬೇಡ.

ನೇರವಾಗಿ, ಒಂದೇ ಅಗಲ ಇರುವ ಲ್ಯಾಟರಲ್ ಭಾಗದಲ್ಲಿ 30 ಅಡಿ ಗುರುತು ಮಾಡಿ. ಒಣ ಜೋಳದ ದಂಟಿನ ತುಂಡನ್ನು ನಡುನೀರಿಗೆ ಹಾಕಿ, 30 ಅಡಿ ದಾಟಲು ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ. 25 ಸೆಕೆಂಡ್ ಆಯಿತು ಅಂದರೆ ಸೆಕೆಂಡಿಗೆ 1.2 ಅಡಿ. ಮೇಲಿನ ನೀರು ಬೇಗ ಓಡುತ್ತದೆ, ತಳದ್ದು ನಿಧಾನ. ಅದಕ್ಕೆ 0.85ರಿಂದ ಗುಣಿಸಿ. ಸುಮಾರು 1 ಅಡಿ ಬಂತು. ಕಾಲುವೆಯ ಅಗಲ 2 ಅಡಿ, ನೀರಿನ ಆಳ 1 ಅಡಿ ಇದ್ದರೆ 2 ಚದರ ಅಡಿ. ಎರಡನ್ನೂ ಗುಣಿಸಿದರೆ 2 ಕ್ಯುಸೆಕ್. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ಅದು ಒಂದು ಹಗಲು ಒಂದು ರಾತ್ರಿ ಸೋರದೆ ಹರಿದರೆ 12 ಎಕರೆ ಮೇಲೆ ಎರಡು ಇಂಚು ನೀರು ನಿಲ್ಲಿಸಬಹುದು.

ಇದನ್ನು ಒಂದೇ ದಿನ ಲ್ಯಾಟರಲ್ ತಲೆಯಲ್ಲಿ, ನಡುವೆ, ಕೊನೆಯಲ್ಲಿ ಮಾಡಿ. ತಲೆಯಲ್ಲೇ ಕಡಿಮೆ ಇದ್ದರೆ ನಿಮ್ಮ ಲ್ಯಾಟರಲ್ ಊರುಗಳ ಮೇಲೆ ತಪ್ಪು ಹೊರಿಸಬೇಡಿ. ದೋಷ ವಿತರಣಾ ಕಾಲುವೆಯಲ್ಲಿದೆ. ತಲೆಯಲ್ಲಿ ಸರಿ, ನಡುವೆ ಅರ್ಧ ಅಂದರೆ ಆ ನಡುವಿನ ತೂಬುಗಳನ್ನು ಎಣಿಸಿ. ಆಮೇಲೆ ಆ ಭಾಗದಲ್ಲಿ ಏನು ಬೆಳೆದಿದ್ದಾರೆ ನೋಡಿ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಈ ಕಾಲುವೆಗಳನ್ನು ಹೆಚ್ಚಾಗಿ ಅರೆ ನೀರಾವರಿ ಬೆಳೆಗೆ ಲೆಕ್ಕ ಹಾಕಿ ಕಟ್ಟಿದ್ದು. ಹತ್ತಿ, ಶೇಂಗಾ, ಜೋಳ, ತೊಗರಿಗೆ. ಭತ್ತ ಜೋಳಕ್ಕಿಂತ ಎರಡು ಮೂರು ಪಟ್ಟು ನೀರು ಕುಡಿಯುತ್ತದೆ. ತಲೆಭಾಗದಲ್ಲಿ ಭತ್ತ ಹಬ್ಬಿದಷ್ಟೂ ಕೊನೆಭಾಗದ ಹೊಲ ಕಾಲುವೆ ನಕ್ಷೆಯಲ್ಲಿ ಮಾತ್ರ ನೀರಾವರಿ ಆಗಿ ಉಳಿಯುತ್ತದೆ. ಭತ್ತ ಹಾಕಿದವರೂ ಸಾಲ ಮಾಡಿಯೇ ಹಾಕಿದ್ದಾರೆ, ಅವರನ್ನು ಕಳ್ಳರು ಅನ್ನುವುದು ಸರಿಯಲ್ಲ. ಹಾಗಂತ ಕೊನೆಯವರು ಸುಮ್ನೆ ಕೂರಬೇಕು ಅಂತಲೂ ಅಲ್ಲ. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಎಡದಂಡೆ ಕಾಲುವೆ ಆಧುನೀಕರಣ ಯೋಜನೆಗೆ ಸುಮಾರು 4,700 ಕೋಟಿ ರೂಪಾಯಿ ಖರ್ಚಾಗಿದೆ. ಕಲಬುರಗಿ, ಯಾದಗಿರಿ, ವಿಜಯಪುರದ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಅನುಕೂಲ ಅಂತ ಅಂದು ಹೇಳಲಾಯಿತು. ಆ ಲೆಕ್ಕದಲ್ಲಿ ಟೇಲ್ ಎಂಡ್ ಹಳ್ಳಿಗಳೂ ಇವೆ, ಅಲ್ವಾ? ಕೇಳುವ ಹಕ್ಕು ನಮಗಿದೆ.

ಕೇಳಬೇಕಾದ ಜಾಗ ಮೊದಲು ನಿಮ್ಮ ನೀರು ಬಳಕೆದಾರರ ಸಹಕಾರ ಸಂಘ. ಸಂಘ ಹೆಸರಿಗಷ್ಟೇ ಇದ್ದರೆ ಅದನ್ನು ಎಬ್ಬಿಸಿ. ತೂಬಿನಿಂದ ತೂಬಿಗೆ ಪಾಳಿ ಹಚ್ಚುವುದು, ಕೊನೆಯಿಂದ ನೀರು ಹಾಯಿಸುತ್ತಾ ಮೇಲಕ್ಕೆ ಬರುವುದು ಊರವರು ಕೂತು ಒಪ್ಪಿದರೆ ಮಾತ್ರ ನಡೆಯುವ ಕೆಲಸ. ಎಂಜಿನಿಯರ್ ಬಂದು ಮಾಡಿಸಲು ಆಗುವುದಿಲ್ಲ.

## "ಏರಿಯಿಂದ ನೀರು ಜಿನುಗುತ್ತಿದೆ"

ಇಲ್ಲಿ ತಡ ಮಾಡಬೇಡಿ. ಒಂದು ತಂಬಿಗೆಯಲ್ಲಿ ಜಿನುಗುವ ನೀರು ಹಿಡಿದು ಸ್ವಲ್ಪ ಹೊತ್ತು ಇಟ್ಟು ನೋಡಿ. ನೀರು ತಿಳಿಯಾಗಿದ್ದರೆ ಸೋರಿಕೆ. ಗುರುತು ಹಾಕಿ, ದಿನಕ್ಕೆರಡು ಸಲ ನೋಡಿ, ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗೆ ತಿಳಿಸಿ. ತಳದಲ್ಲಿ ಮಣ್ಣು ಕೂತರೆ ನೀರು ಏರಿಯೊಳಗಿನ ಮಣ್ಣನ್ನು ಹೊತ್ತು ತರುತ್ತಿದೆ. ಒಳಗೆ ಬಿಲ ಅಗಲವಾಗುತ್ತಿದೆ. ಇದು ಕೆಲವೇ ತಾಸಿನಲ್ಲಿ ಬೋಂಗಾ ಬೀಳುವ, ಅಂದರೆ ಏರಿ ತೂತಾಗಿ ಒಡೆಯುವ ಲಕ್ಷಣ.

ಮಣ್ಣು ಬಂದರೆ ನಿಮ್ಮ ಪರೀಕ್ಷೆ ಅಲ್ಲಿಗೆ ಮುಗಿಯಿತು. ಎಇಇಗೆ (ಸಹಾಯಕ ಕಾರ್ಯಪಾಲಕ ಎಂಜಿನಿಯರ್), ಗ್ಯಾಂಗ್‌ಮನ್‌ಗೆ ಇಬ್ಬರಿಗೂ ಕೂಡಲೇ ಫೋನ್ ಮಾಡಿ. ಹತ್ತಿರದ ಸೇತುವೆ ನಂಬರ್ ಅಥವಾ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ಕೆಳಗಿನ ಹೊಲದವರಿಗೆ ದನ, ಮಕ್ಕಳನ್ನು ಮೇಲೆ ಕರೆದುಕೊಳ್ಳಲು ತಿಳಿಸಿ. ಏರಿ ಮೇಲೆ ಟ್ರ್ಯಾಕ್ಟರ್ ಹೋಗಲು ಬಿಡಬೇಡಿ. ಹೊರಗಿನಿಂದ ಮಣ್ಣು ಒತ್ತಿ ಮುಚ್ಚಲು ಹೋಗಬೇಡಿ, ನೀರು ಬೇರೆ ದಾರಿ ಹುಡುಕುತ್ತದೆ. ಗೇಟನ್ನೂ ನೀವೇ ಇಳಿಸಬೇಡಿ. ಮುಖ್ಯ ಕಾಲುವೆಯ ಗೇಟ್‌ಗಳು ಈಗ ಸ್ಕಾಡಾ ಮೂಲಕ, ಅಂದರೆ ದೂರದ ಕಂಪ್ಯೂಟರಿನಿಂದ ನಡೆಯುತ್ತವೆ. ಒಂದು ಕಡೆ ಏಕಾಏಕಿ ಮುಚ್ಚಿದರೆ ಮೇಲೆ ನೀರು ಉಕ್ಕಿ ಇನ್ನೊಂದು ಕಡೆ ಒಡೆಯುತ್ತದೆ.

ಕಾಂಕ್ರೀಟ್ ಲೈನಿಂಗ್ ಎದ್ದಿದ್ದರೆ, ಕುಸಿದಿದ್ದರೆ ಅದನ್ನು ಬಂದ್ ಪಾಳಿಯಲ್ಲಿ ನೋಡಿ. ಎರೆ ಮಣ್ಣು ನೆನೆದಾಗ ಉಬ್ಬಿ ಹಲಗೆಗಳನ್ನು ಎತ್ತುತ್ತದೆ. ಕಾಲುವೆ ಬೇಗ ಖಾಲಿಯಾದರೆ ಹಿಂದೆ ನಿಂತ ನೀರು ಅವನ್ನು ಒಳಕ್ಕೆ ತಳ್ಳುತ್ತದೆ. ದುರಸ್ತಿ ಬೇಸಿಗೆಯ ಕೆಲಸ, ಪಟ್ಟಿಗೆ ಸೇರಿಸಲು ಈಗಲೇ ಫೋಟೋ ಕೊಡಿ.

ತುಂಬಿದ ಲೈನಿಂಗ್ ಕಾಲುವೆಗೆ ಯಾವ ಕಾರಣಕ್ಕೂ ಇಳಿಯಬೇಡಿ. ಇಳಿಜಾರಿನ ಕಾಂಕ್ರೀಟ್ ಮೇಲೆ ಪಾಚಿ ಇರುತ್ತದೆ, ಈಜು ಬಲ್ಲವರಿಗೂ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಹಗ್ಗ, ಸೀರೆ, ಉದ್ದ ಕೋಲು ಎಸೆದು ಎಳೆಯಿರಿ. ಬಟ್ಟೆ ತೊಳೆಯಲು ಮೆಟ್ಟಿಲಿರುವ ಕಡೆಯೇ ಹೋಗುವಂತೆ ಮನೆಯಲ್ಲಿ ಹೇಳಿ.

## "ನೀರು ಸಾಕಷ್ಟು ಬರುತ್ತಿದೆ, ಬೆಳೆ ಮಾತ್ರ ಸೊರಗುತ್ತಿದೆ"

ಹೊಲದ ಮೇಲೆ ಬೆಳ್ಳಗೆ ಉಪ್ಪು ಕೂತಿದ್ದರೆ, ಮೊಳಕಾಲುದ್ದ ಗುಂಡಿ ತೋಡಿದಾಗ ನೀರು ಒಸರಿದರೆ ಅದು ಸವಳು, ಜವಳು. ಕೊರತೆಯಲ್ಲ, ಅತಿಯಾದ್ದು. ಮೊದಲು ನೀರು ಕಡಿಮೆ ಮಾಡಿ, ಹೊಲದ ಬಸಿಗಾಲುವೆ ತೆರವು ಮಾಡಿ. ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಮ್ ತಂದು ಸುರಿಯಬೇಡಿ. ಭೀಮರಾಯನಗುಡಿಯ ಕೃಷಿ ಕಾಲೇಜು ಮತ್ತು ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ಕೇಳಿ.

## ದೂರು ಬರೆಯುವಾಗ

"ನೀರು ಬರುತ್ತಿಲ್ಲ, ದಯವಿಟ್ಟು ಬಿಡಿಸಿ" ಅಂತ ಬರೆದ ಅರ್ಜಿ ಫೈಲಿನಲ್ಲಿ ಉಳಿಯುತ್ತದೆ. ಜಾಗ, ಹೊತ್ತು, ಅಳತೆ ಇದ್ದರೆ ಅದನ್ನು ಪಕ್ಕಕ್ಕಿಡುವುದು ಕಷ್ಟ. ಹೀಗೆ ಬರೆಯಿರಿ:

"ವಿತರಣಾ ಕಾಲುವೆ ಸಂಖ್ಯೆ ಇಷ್ಟು, ಲ್ಯಾಟರಲ್ ಇಷ್ಟು, ತೂಬು ಇಷ್ಟು. ಚಾಲು ಪಾಳಿಯ ಐದನೇ ದಿನ ಬೆಳಗ್ಗೆ 7ಕ್ಕೆ ಲ್ಯಾಟರಲ್ ತಲೆಯಲ್ಲಿ ಇಷ್ಟು ಕ್ಯುಸೆಕ್, ಕೊನೆಯಲ್ಲಿ ಇಷ್ಟು. ತೂಬು, ಹೊಲಗಾಲುವೆ ಸ್ವಚ್ಛವಾಗಿವೆ. ನಡುವಿನ ಇಷ್ಟು ತೂಬುಗಳನ್ನು ಪರಿಶೀಲಿಸಬೇಕು. ಫೋಟೋ ಲಗತ್ತಿಸಿದೆ."

ಕೆಳಗೆ ಆ ಲ್ಯಾಟರಲ್‌ನ ಎಷ್ಟು ಜನ ಸಾಧ್ಯವೋ ಅಷ್ಟು ಜನರ ಸಹಿ ಇರಲಿ, ತಲೆಭಾಗದವರ ಒಂದೆರಡು ಸಹಿಯೂ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲು ಶಾಖಾಧಿಕಾರಿಗೆ, ಎರಡು ದಿನದಲ್ಲಿ ಯಾರೂ ಬಾರದಿದ್ದರೆ ಎಇಇಗೆ, ಆಮೇಲೆ ಕಾರ್ಯಪಾಲಕ ಎಂಜಿನಿಯರ್‌ಗೆ ಕೊಡಿ. ಪ್ರತಿ ಸಲವೂ ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಂಡೇ ಹೊರಡಿ.